ದೆವ್ವ ಅಲ್ಲ, ಡ್ರಾಮಾನೂ ಅಲ್ಲ. ಮೆದುಳಿನ ಊತ ಕಣ್ರೋ!

1/6
ಹೋದ ವರ್ಷ ಎಕ್ಸಾಮ್ ಟೈಮಲ್ಲಿ 14 ಸೆಕೆಂಡಿನ ಒಂದು ವಿಡಿಯೋ ಅತ್ತಿಬೆಲೆ ಗ್ರೂಪುಗಳಲ್ಲೆಲ್ಲಾ ಓಡಾಡ್ತು. ನೈಟಿ ಹಾಕಿರೋ ಹುಡುಗಿ ಗೇಟ್ ಹಿಡ್ಕೊಂಡು ಕಿರುಚ್ತಾ ಇದ್ಲು. ಮೇಲೆ "ಲವ್ ಫೇಲ್ಯೂರ್ ಎಫೆಕ್ಟ್" ಅಂತ ಬರೆದು ನಗೋ ಇಮೋಜಿ 😂 ಹಾಕಿದ್ರು. ನಿಮ್ಮಲ್ಲಿ ತುಂಬಾ ಜನ ನೋಡಿದೀರ. ಕೆಲವರು ನನಗೇ ಕಳಿಸಿದೀರ.

ಅವಳು ನನ್ನ ಚಿಕ್ಕಪ್ಪನ ಮಗಳು. ಆಗ 19 ವರ್ಷ. ಇಷ್ಟು ದಿನ ಸುಮ್ಮನಿದ್ದೆ. ಈಗ ಅವಳೇ "ಬರಿ, ನನ್ನ ಹೆಸರು ಮಾತ್ರ ಹಾಕ್ಬೇಡ" ಅಂದಿದ್ದಾಳೆ. ಪೂರ್ತಿ ಓದಿ. 👉

2/6
ಮೊದಲು ಜ್ವರ, ತಲೆನೋವು. ವಾರದಲ್ಲಿ ನಿದ್ದೆ ಹೋಯ್ತು. ಆಮೇಲೆ ಗೋಡೆ ಒಳಗಿಂದ ಯಾರೋ ಕರೀತಿದ್ದಾರೆ ಅನ್ನೋಕೆ ಶುರು ಮಾಡಿದ್ಲು.

ನೆಂಟರು "ಗಾಳಿ ಸೋಕಿದೆ" ಅಂದ್ರು. ಒಬ್ಬ ಸ್ವಾಮಿ ಬಂದ, ಮೆಣಸಿನಕಾಯಿ ಹೊಗೆ ಹಾಕ್ದ, ಬೇವಿನ ಸೊಪ್ಪಲ್ಲಿ ಬಡಿದ, 18,000 ರೂಪಾಯಿ ತಗೊಂಡು ಹೋದ. ಒಂದು ಕ್ಲಿನಿಕ್ಕಲ್ಲಿ "ಟೆನ್ಷನ್" ಅಂತ ನಿದ್ದೆ ಮಾತ್ರೆ ಕೊಟ್ರು. ಎಂಆರ್‌ಐ ನಾರ್ಮಲ್ ಬಂತು. ಅಲ್ಲಿಗೆ "ನಾಟಕ ಆಡ್ತಿದ್ದಾಳೆ" ಅಂತ ತೀರ್ಪೇ ಆಗೋಯ್ತು.

24ನೇ ದಿನ ಫಿಟ್ಸ್ ಬಂತು. ಆಗ ದೊಡ್ಡ ಆಸ್ಪತ್ರೆಗೆ ಓಡಿದ್ವಿ. ಬೆನ್ನುಹುರಿಯ ನೀರು ತೆಗೆದು ಟೆಸ್ಟ್ ಮಾಡಿದ್ರು. ಆಮೇಲೆ ಹೊಟ್ಟೆ ಸ್ಕ್ಯಾನ್. ಅಂಡಾಶಯದಲ್ಲಿ ಗೆಡ್ಡೆ ಇತ್ತು!

3/6
ತಲೆ ಕೆಟ್ಟಿದೆ ಅಂದ್ರೆ ಹೊಟ್ಟೆ ಯಾಕೆ ನೋಡ್ತಾರೆ ಅಂತ ನನಗೂ ಅನ್ನಿಸ್ತು. ಡಾಕ್ಟರ್ ಹೇಳಿದ್ದು ಇದು.

ಟೆರಟೋಮಾ ಅನ್ನೋ ಗೆಡ್ಡೆಯೊಳಗೆ ಕೂದಲು, ಹಲ್ಲು, ಕೆಲವೊಮ್ಮೆ ನರದ ಅಂಗಾಂಶನೂ ಬೆಳೆಯುತ್ತೆ. ನಮ್ಮ ದೇಹದ ರಕ್ಷಣಾ ವ್ಯವಸ್ಥೆ ಅದನ್ನ ಶತ್ರು ಅಂದ್ಕೊಂಡು ಆ್ಯಂಟಿಬಾಡಿ ತಯಾರಿಸುತ್ತೆ. ಅದೇ ಆ್ಯಂಟಿಬಾಡಿ ಮೆದುಳಿನ ಎನ್‌ಎಂಡಿಎ ರಿಸೆಪ್ಟರ್‌ಗಳ ಮೇಲೂ ಬೀಳುತ್ತೆ. ಭ್ರಮೆ, ಕಿರುಚಾಟ, ಫಿಟ್ಸ್, ಬಾಯಿ ಅಗಿಯೋ ಹಾಗೆ ಆಡಿಸೋದು, ಎಲ್ಲಾ ಅದರಿಂದಲೇ.

ಜೋಸೆಪ್ ಡಾಲ್ಮೌ ಮತ್ತು ತಂಡ ಇದನ್ನ ಗುರುತಿಸಿದ್ದು 2007ರಲ್ಲಿ. 2013ರಲ್ಲಿ 577 ರೋಗಿಗಳ ಅಧ್ಯಯನ ಬಂತು. ಮಧ್ಯಮ ವಯಸ್ಸು 21. ಅಂದ್ರೆ ನಮ್ಮ ಕ್ಲಾಸಿನ ವಯಸ್ಸು! ಶೇ 38 ಜನರಲ್ಲಿ ಗೆಡ್ಡೆ ಇತ್ತು. ಉಳಿದವರಲ್ಲಿ ಗೆಡ್ಡೆ ಇಲ್ಲದೆಯೂ ಬಂದಿತ್ತು. ಈ ಟೆರಟೋಮಾ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಆದ್ರೆ ಶ್ವಾಸಕೋಶದ ಕ್ಯಾನ್ಸರ್, ಹುಡುಗರ ವೃಷಣದ ಕ್ಯಾನ್ಸರ್ ಕೂಡ ಬೇರೆ ಆ್ಯಂಟಿಬಾಡಿಗಳಿಂದ ಮೆದುಳನ್ನ ಹೀಗೇ ಕೆಡಿಸಬಹುದು. ಹುಡುಗರೇ, ನಿಮಗೂ ಸೇರಿಸೇ ಹೇಳ್ತಿದೀನಿ.

4/6
ಈಗ ಜಗಳಕ್ಕೆ ಬರ್ತೀನಿ.

"ಅದು ನಮ್ಮ ನಂಬಿಕೆ" ಅನ್ನೋರಿಗೆ: ಪೂಜೆ ಮಾಡಿ, ಯಾರೂ ಬೇಡ ಅನ್ನಲ್ಲ. ಆದ್ರೆ ದೆವ್ವ ಬಿಡಿಸ್ತೀನಿ ಅಂತ ಹೊಡೆಯೋದು ಕರ್ನಾಟಕದ 2017ರ ಮಾಟ ಮಂತ್ರ ತಡೆ ಕಾಯ್ದೆ ಪ್ರಕಾರ ಅಪರಾಧ. ನಮ್ಮ ಮನೆಯವರಿಗೂ ಅದು ಗೊತ್ತಿರಲಿಲ್ಲ. ನಾನೂ ಅಲ್ಲೇ ನಿಂತು ನೋಡ್ತಿದ್ದೆ. ಆ ನಾಚಿಕೆ ನನಗೂ ಇದೆ.

"ಸ್ಕ್ಯಾನ್ ನಾರ್ಮಲ್, ಹಾಗಾದ್ರೆ ನಾಟಕ" ಅನ್ನೋರಿಗೆ: ಈ ಕಾಯಿಲೆಯಲ್ಲಿ ಎಷ್ಟೋ ಜನರ ಎಂಆರ್‌ಐ ನಾರ್ಮಲ್ಲೇ ಇರುತ್ತೆ.

ನಾನು ಬಿಕಾಂ ಸ್ಟೂಡೆಂಟ್. ಜಿಎಸ್‌ಟಿ ರಿಟರ್ನ್ ತಡ ಆದ್ರೆ ಲೇಟ್ ಫೀ ಕಟ್ಟಿ ಮುಗಿಸಬಹುದು. ಮೆದುಳಿಗೆ ಆ ಸೌಲಭ್ಯ ಇಲ್ಲ. ಬೇಗ ಚಿಕಿತ್ಸೆ ಶುರುವಾದಷ್ಟೂ ಒಳ್ಳೇದು. ಅದೇ ಅಧ್ಯಯನದಲ್ಲಿ ಚಿಕಿತ್ಸೆ ಪಡೆದ 10ರಲ್ಲಿ ಸುಮಾರು 8 ಜನ 2 ವರ್ಷದೊಳಗೆ ಚೆನ್ನಾಗಿ ಚೇತರಿಸಿಕೊಂಡಿದ್ರು. ನಾವು 23 ದಿನ ಕಳೆದ್ವಿ.

5/6
"ಎಲ್ಲರಿಗೂ ಇದೇ ಇರುತ್ತಾ?" ಅಂತ ಕೇಳ್ತೀರಲ್ಲ, ಇಲ್ಲ. ಇದು ಅಪರೂಪ. ಮಾನಸಿಕ ಕಾಯಿಲೆ ಇರೋ ಹೆಚ್ಚಿನವರಿಗೆ ಇದಿರಲ್ಲ. ಅದೂ ನಗೋ ವಿಷಯ ಅಲ್ಲ, ಅದಕ್ಕೂ ಡಾಕ್ಟರೇ ಬೇಕು.

ಆದ್ರೆ ಚೆನ್ನಾಗಿದ್ದವರು ಕೆಲವೇ ದಿನಗಳಲ್ಲಿ ಬದಲಾದ್ರೆ, ಜೊತೆಗೆ ಜ್ವರ, ಫಿಟ್ಸ್, ಮಾತು ನಿಲ್ಲೋದು, ಬಾಯಿ ಕೈ ವಿಚಿತ್ರವಾಗಿ ಆಡೋದು ಇದ್ರೆ, ಅದು ಎಮರ್ಜೆನ್ಸಿ. "ಆಟೋಇಮ್ಯೂನ್ ಎನ್ಸೆಫಲೈಟಿಸ್ ಇರಬಹುದಾ? ಆ್ಯಂಟಿಬಾಡಿ ಟೆಸ್ಟ್ ಬೇಕಾ?" ಅಂತ ಬಾಯಿಬಿಟ್ಟು ಕೇಳಿ. ಕೇಳೋಕೆ ದುಡ್ಡಿಲ್ಲ.

ನಿಮ್ಹಾನ್ಸ್ ಇರೋದು ನಮ್ಮ ಹೊಸೂರು ರೋಡಲ್ಲೇ. ಪಕ್ಕದಲ್ಲೇ ಕಿದ್ವಾಯಿ. ಒಂದು ತಲೆಗೆ, ಇನ್ನೊಂದು ಕ್ಯಾನ್ಸರ್‌ಗೆ, ಎರಡಕ್ಕೂ ಸಂಬಂಧ ಇಲ್ಲ ಅಂದ್ಕೊಂಡೇ ಬಸ್ಸಲ್ಲಿ ಓಡಾಡ್ತಿದ್ದೆ. ಸಂಬಂಧ ಇದೆ.

6/6
ಗೆಡ್ಡೆ ತೆಗೆದ್ರು. ಸ್ಟಿರಾಯ್ಡ್, ಇಮ್ಯುನೊಗ್ಲೋಬ್ಯುಲಿನ್ ಕೊಟ್ರು. ಮಾತು ಬರೋಕೆ ತಿಂಗಳುಗಳು ಬೇಕಾಯ್ತು. ಈಗ ಕಾಲೇಜಿಗೆ ಹೋಗ್ತಿದ್ದಾಳೆ. ಕೆಲವು ಹೆಸರು ಮರೀತಾಳೆ, ಬೇಗ ಸುಸ್ತಾಗ್ತಾಳೆ.

ಆ ದಿನಗಳು ಅವಳಿಗೆ ಒಂಚೂರೂ ನೆನಪಿಲ್ಲ. ಈ ಕಾಯಿಲೆಯಲ್ಲಿ ಹಾಗಾಗುತ್ತಂತೆ. ಹೊಗೆ ಹಾಕಿದ್ದು, ಹೊಡೆದಿದ್ದು ಯಾವುದೂ ಗೊತ್ತಿಲ್ಲ. ಹುಷಾರಾಗಿ ಫೋನ್ ಕೈಗೆ ತಗೊಂಡಾಗ ಅವಳು ಮೊದಲು ನೋಡಿದ್ದು ಆ ವಿಡಿಯೋ. ಕಾಯಿಲೆ ಮರೆಸಿದ್ದನ್ನ ನಾವು ತೋರಿಸಿದ್ವಿ.

ನಿಮ್ಮ ಗ್ಯಾಲರಿಯಲ್ಲಿ ಇನ್ನೂ ಇದ್ರೆ ಈಗಲೇ ಡಿಲೀಟ್ ಮಾಡಿ. ಸಾರಿ ಅಂತ ನನಗೆ ಮೆಸೇಜ್ ಹಾಕೋದು ಬೇಡ. ಮುಂದಿನ ಸಲ ಯಾರಾದ್ರೂ ಹೀಗೆ ಕಿರುಚ್ತಾ ಇದ್ರೆ ಕ್ಯಾಮೆರಾ ಆನ್ ಮಾಡ್ಬೇಡಿ, 108ಕ್ಕೆ ಫೋನ್ ಮಾಡಿ.

ಸೇವ್ ಮಾಡ್ಕೊಳ್ಳಿ. ಅಮ್ಮಂಗೂ ಓದಿ ಹೇಳಿ. 🙏

#ಅತ್ತಿಬೆಲೆ #ದೆವ್ವಅಲ್ಲಕಾಯಿಲೆ #ಡಿಲೀಟ್‌ಮಾಡಿ