ವಿಕಿರಣ: ಲಾಭವೆಷ್ಟು, ಮಿತಿಯೆಷ್ಟು?

ಮೇದೋಜೀರಕ ಗ್ರಂಥಿಯ ಗೆಡ್ಡೆ ದೊಡ್ಡ ರಕ್ತನಾಳಗಳನ್ನು ಸುತ್ತಿಕೊಂಡರೆ ಶಸ್ತ್ರಚಿಕಿತ್ಸೆ ಕೈಬಿಡಬೇಕಾಗುತ್ತದೆ. ಆಗ ಕಿಮೊಥೆರಪಿಗೆ ವಿಕಿರಣವನ್ನೂ ಸೇರಿಸಿದರೆ ಆಯುಸ್ಸು ಹೆಚ್ಚೀತೇ? ಫ್ರೆಂಚ್ ವೈದ್ಯರ ನೇತೃತ್ವದ ‘ಎಲ್‌ಎಪಿ07’ ಪ್ರಯೋಗ 2016ರಲ್ಲಿ ಉತ್ತರ ಕೊಟ್ಟಿತು. ನಾಲ್ಕು ತಿಂಗಳ ಕಿಮೊ ಬಳಿಕ ರೋಗ ಹತೋಟಿಯಲ್ಲಿದ್ದ 269 ಮಂದಿಯಲ್ಲಿ ಒಂದು ಗುಂಪಿಗೆ ಕಿಮೊ ಮುಂದುವರಿಯಿತು. ಇನ್ನೊಂದಕ್ಕೆ 54 ಗ್ರೇ (ವಿಕಿರಣ ಪ್ರಮಾಣದ ಮಾನ) ವಿಕಿರಣ, ಜೊತೆಗೆ ಕ್ಯಾಪೆಸಿಟಾಬಿನ್ ಎಂಬ ಕಿಮೊ ಮಾತ್ರೆ. ಬದುಕುಳಿದ ಅವಧಿಯ ಮಧ್ಯಾಂಕ ಕ್ರಮವಾಗಿ 16.5 ಮತ್ತು 15.2 ತಿಂಗಳು, ಗಣನೀಯ ವ್ಯತ್ಯಾಸವಿಲ್ಲ. ಆದರೆ ಗೆಡ್ಡೆ ಇದ್ದಲ್ಲೇ ಬೆಳೆದ ಪ್ರಕರಣಗಳು ಕಿಮೊ ಗುಂಪಿನಲ್ಲಿ ಶೇ 46, ವಿಕಿರಣ ಪಡೆದವರಲ್ಲಿ ಶೇ 32. ಅಂದರೆ ವಿಕಿರಣ ವ್ಯರ್ಥವಲ್ಲ, ಎಲ್ಲರಿಗೂ ಕಡ್ಡಾಯವೂ ಅಲ್ಲ. ವಿಕಿರಣಕ್ಕಾಗಿ ಆರು ವಾರ ಆಸ್ಪತ್ರೆಗೆ ಅಲೆಯಬೇಕಾದ ಕುಟುಂಬಕ್ಕೆ ವೈದ್ಯರು ಇದನ್ನು ಮೊದಲೇ ಬಿಡಿಸಿ ಹೇಳಬೇಕು.