ಕಾರಿಗೆ ನೆರಳು, ಹುಡುಗರಿಗೆ ಬಿಸಿಲು



ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತಿದ್ರೆ ಪೂರ್ತಿ ಓದಿ, ಅರ್ಧ ಓದಿ ಬಯ್ಯಬೇಡಿ.

ಹೋದ ವಾರ ನಮ್ಮ ಜಿಲ್ಲೆಯ ಒಂದು ವಾಟ್ಸಾಪ್ ಗ್ರೂಪಲ್ಲಿ ಒಬ್ಬರು ಬರೆದಿದ್ರು: ಕ್ಯಾಂಪಸ್ಸಲ್ಲಿ ವಿದ್ಯಾರ್ಥಿಗಳು ಕಾರು ನಿಲ್ಲಿಸೋಕೆ ಸರಿಯಾದ ಜಾಗ ಇಲ್ಲ, ಬಿಸಿಲಿಗೆ ಕಾರಿನ ಬಣ್ಣ ಹೋಗ್ತಿದೆ, ಒಂದು ಶೆಡ್ ಆದ್ರೂ ಹಾಕಿಸಬಾರದಾ ಅಂತ. ಕೆಳಗೆ ಸಾಲಾಗಿ ಹೆಬ್ಬೆಟ್ಟುಗಳು. (ಓದಿದವರು ಹೆಬ್ಬೆಟ್ಟು ಒತ್ತೋ ಕಾಲ ಇದು.) ನಾನು ಒಂದೇ ಒಂದು ಪ್ರಶ್ನೆ ಕೇಳ್ದೆ: "ಬಸ್ಸಿಗೆ ಕಾಯೋ ಹುಡುಗರ ತಲೆ ಮೇಲೆ ಶೆಡ್ ಐತಾ ಸಾರ್?" ತಕ್ಷಣ ಉತ್ತರ ಬಂತು: "ಎಲ್ಲದಕ್ಕೂ ಜಾತಿ ತರಬೇಡಿ."

ನಾನು ಜಾತಿ ಅನ್ನೋ ಪದನೇ ಬಳಸಿರಲಿಲ್ಲ. ಅವರೇ ತಂದ್ರು. ತಂದ ಮೇಲೆ ಮಾತಾಡೋಣ ಬಿಡಿ.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ತೀನಿ. ನಾನು ಕಾರಿನ ವಿರೋಧಿ ಅಲ್ಲ. ನಮ್ಮ ಹುಡುಗ ಒಬ್ಬ ಕಾರು ತಗೊಂಡ್ರೆ ನನ್ನಷ್ಟು ಖುಷಿ ಪಡೋರು ಇನ್ನೊಬ್ಬರಿಲ್ಲ. ನಡೆಯೋದು ಆರೋಗ್ಯಕ್ಕೆ ಒಳ್ಳೇದು ಅನ್ನೋ ಉಪದೇಶವೂ ನಮಗೆ ಬೇಡ, ನಮ್ಮಪ್ಪ ತಾತಂದಿರು ಸಾಕಾಗುವಷ್ಟು ನಡೆದಿದ್ದಾರೆ. ಗಾಡಿ ಮೇಲೆ ಯಾರು ಕೂರಬೇಕು ಅನ್ನೋದನ್ನ ಈ ದೇಶದಲ್ಲಿ ಜಾತಿನೇ ತೀರ್ಮಾನ ಮಾಡ್ತಿತ್ತು. 1901ರಲ್ಲಿ ಬಾಲಕ ಭೀಮರಾವ್ ಅಪ್ಪನನ್ನ ನೋಡೋಕೆ ಹೊರಟು ಮಸೂರು ಸ್ಟೇಷನ್ನಲ್ಲಿ ಇಳಿದರೆ, ಮಹಾರ್ ಮಕ್ಕಳನ್ನ ಕೂರಿಸ್ಕೊಳ್ಳೋಕೆ ಎತ್ತಿನಗಾಡಿಯವರು ಯಾರೂ ತಯಾರಿರಲಿಲ್ಲ. ಕೊನೆಗೊಬ್ಬ ಒಪ್ಪಿದ, ಎರಡು ಪಟ್ಟು ಬಾಡಿಗೆಗೆ. ಅದೂ ಮಕ್ಕಳೇ ಗಾಡಿ ಹೊಡೀಬೇಕು, ತಾನು ಪಕ್ಕದಲ್ಲಿ ನಡೀತೀನಿ ಅನ್ನೋ ಷರತ್ತಿನ ಮೇಲೆ. 1929ರ ಹೊತ್ತಿಗೆ ಅದೇ ಬಾಲಕ ಬ್ಯಾರಿಸ್ಟರ್ ಆಗಿದ್ದರು, ಸರ್ಕಾರಿ ಸಮಿತಿಯ ಸದಸ್ಯರಾಗಿದ್ದರು. ಆದ್ರೂ ಚಾಳೀಸ್‌ಗಾಂವ್‌ನಲ್ಲಿ ಟಾಂಗಾದವರು ಗಾಡಿ ಹೊಡೆಯಲ್ಲ ಅಂದ್ರು. ಅಭ್ಯಾಸವಿಲ್ಲದ ಕೇರಿಯವನೊಬ್ಬ ಹೊಡೆದ. ಮೋರಿ ಹತ್ತಿರ ಟಾಂಗಾ ಉರುಳಿ ಬಾಬಾಸಾಹೇಬರ ಕಾಲು ಮುರೀತು. ಇದನ್ನ ಓದ್ಕೊಂಡು ಬೆಳೆದವನು ನಾನು, ಗಾಡಿ ಬೇಡ ಅನ್ನೋ ಬಾಯಿ ನನ್ನದಲ್ಲ.

ನನ್ನ ತಕರಾರು ಸರದಿಯದು. ಜಮೀನು ಸಾರ್ವಜನಿಕರದು, ದುಡ್ಡು ಸಾರ್ವಜನಿಕರದು. ಅದರಲ್ಲಿ ಮೊದಲ ನೆರಳು ಯಾರಿಗೆ?

ಒಂದು ಲೆಕ್ಕ ಹೇಳ್ತೀನಿ. ಒಂದು ಕಾರು ನಿಲ್ಲಿಸೋಕೆ ಬಿಡೋ ಜಾಗ ಸಾಮಾನ್ಯವಾಗಿ 2.5 ಮೀಟರ್ ಅಗಲ, 5 ಮೀಟರ್ ಉದ್ದ. ಅಂದ್ರೆ ಸುಮಾರು 135 ಚದರ ಅಡಿ. ಹಿಂದೆ ಮುಂದೆ ತಿರುಗಿಸೋ ದಾರಿ ಸೇರಿಸಿ ನಮ್ಮ ನಗರ ಯೋಜನೆಯವರು ಒಂದು ಕಾರಿಗೆ 23 ಚದರ ಮೀಟರ್ ಲೆಕ್ಕ ಹಿಡೀತಾರೆ, ಹತ್ತಿರ ಹತ್ತಿರ 250 ಚದರ ಅಡಿ. ನಾನು ಡಿಗ್ರಿ ಓದುವಾಗ ಇದ್ದ ಹಾಸ್ಟೆಲ್ ರೂಮು 10 ಅಡಿಗೆ 12 ಅಡಿ. 120 ಚದರ ಅಡಿಯಲ್ಲಿ ಆರು ಜನ. ಪರೀಕ್ಷೆ ಟೈಮಲ್ಲಿ ಹಾಸ್ಟೆಲ್ ಸೀಟು ಸಿಗದ ಊರಿನ ಹುಡುಗರು ಇಬ್ಬರು ಬಂದು ಕದ್ದು ಮಲಗೋರು, ವಾರ್ಡನ್ ಚಪ್ಪಲಿ ಸದ್ದು ಕೇಳಿದ್ರೆ ಮಂಚದ ಕೆಳಗೆ. ಇಡೀ ದಿನ ಸುಮ್ಮನೆ ನಿಂತಿರೋ ಕಾರಿಗೆ ಆರು ಜನ ಮಲಗೋ ರೂಮಿಗಿಂತ ಹೆಚ್ಚು ಜಾಗ. ಬಾಡಿಗೆ? ಸೊನ್ನೆ. ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಶೂಪ್ 2005ರಲ್ಲಿ ಪಾರ್ಕಿಂಗ್ ಮೇಲೇ ಒಂದು ದಪ್ಪ ಪುಸ್ತಕ ಬರೆದರು. ಪುಕ್ಕಟೆ ಪಾರ್ಕಿಂಗಿನ ಬಿಲ್ಲನ್ನ ಕಾರಿಲ್ಲದವನೂ ಕಟ್ತಿರ್ತಾನೆ ಅನ್ನೋದು ಅವರ ವಾದ. ನಮ್ಮ ಹುಡುಗರು ಕಟ್ತಾನೇ ಇದ್ದಾರೆ, ರಸೀದಿ ಸಿಗಲ್ಲ ಅಷ್ಟೆ.

ಈಗ ನಮ್ಮೂರಿನ ಕಥೆಗೆ ಬನ್ನಿ. ತುಮಕೂರು ವಿಶ್ವವಿದ್ಯಾನಿಲಯ ಶುರುವಾಗಿದ್ದು 2004ರಲ್ಲಿ. ಬಿ.ಎಚ್. ರಸ್ತೆಯ ಕ್ಯಾಂಪಸ್ಸು ಊರೊಳಗೇ ಇತ್ತು. ಬಸ್ ಇಳಿದು ನಡ್ಕೊಂಡು ಕ್ಲಾಸಿಗೆ ಹೋಗಬಹುದಿತ್ತು. ಈಗ ಊರಾಚೆ ಬಿದರಕಟ್ಟೆಯಲ್ಲಿ ಜ್ಞಾನಸಿರಿ ಕ್ಯಾಂಪಸ್ ಆಗಿದೆ. ದೊಡ್ಡ ಜಾಗ, ಹೊಸ ಕಟ್ಟಡ, ಸಂತೋಷ. ಆದರೆ ಯಾವ ಕ್ಯಾಂಪಸ್ಸೇ ಆಗಲಿ, ಊರಿಂದಾಚೆ ಹೋದ ದಿನವೇ ವಿದ್ಯಾರ್ಥಿಗಳು ಎರಡು ಭಾಗ ಆಗ್ತಾರೆ, ಸ್ವಂತ ಗಾಡಿ ಇರೋರು ಮತ್ತು ಇಲ್ಲದೋರು. ಕಾರ್ ಪಾರ್ಕಿಂಗ್ ಬೇಕು ಅನ್ನೋ ಬೇಡಿಕೆ ಹುಟ್ಟೋದೂ ಅಲ್ಲಿಂದಲೇ. ಬಸ್ ಸರಿಯಾಗಿದ್ದಿದ್ರೆ ಆ ಕಾರಿನವರಲ್ಲಿ ಅರ್ಧ ಜನ ಬಸ್ಸಲ್ಲೇ ಬರೋರು.

ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಕಡೆಯ ಹುಡುಗಿಯನ್ನ ನೆನೆಸಿಕೊಳ್ಳಿ. ಊರಿಂದ ಗುಬ್ಬಿಗೆ ಒಂದು ಬಸ್ಸು, ಗುಬ್ಬಿಯಿಂದ ತುಮಕೂರಿಗೆ ಇನ್ನೊಂದು, ಅಲ್ಲಿಂದ ಕ್ಯಾಂಪಸ್ಸಿಗೆ ಮೂರನೇದು. ಗುಬ್ಬಿಗೆ ರೈಲಿದೆ, ಸರಿ, ಆದರೆ ರೈಲು ತುಮಕೂರು ಸ್ಟೇಷನ್ನಿಗೆ ಬಿಟ್ಟು ತನ್ನ ದಾರಿ ಹಿಡೀತದೆ. ಕುಣಿಗಲ್ಲಿಗೂ 2017ರಲ್ಲಿ ರೈಲು ಬಂತು. ಅದು ಬೆಂಗಳೂರು–ಹಾಸನ ಲೈನು, ತುಮಕೂರಿಗೆ ಬರೋ ಹುಡುಗನಿಗೆ ಅದರಿಂದ ಕೂಗು ಕೇಳೋ ಭಾಗ್ಯ ಮಾತ್ರ. ಹುಲಿಯೂರುದುರ್ಗದವನಿಗೂ ಬಸ್ಸೇ ಗತಿ. (ಕುಣಿಗಲ್ಲಲ್ಲಿ ರೇಸ್ ಕುದುರೆ ಸಾಕೋಕೆ 400 ಎಕರೆಗೂ ಮೇಲಿದೆ. ಕುದುರೆಗೆ ನೆರಳಿನ ಬೆಲೆ ಗೊತ್ತಿರೋ ಜಿಲ್ಲೆ ನಮ್ಮದು!) 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಅದನ್ನ ಆಡಿಕೊಳ್ಳೋರ ಜೊತೆ ನಾನಿಲ್ಲ, ಎಷ್ಟೋ ಮನೆ ಹುಡುಗಿಯರು ಅದರಿಂದಲೇ ಕಾಲೇಜು ಬಿಡದೆ ಉಳಿದರು. ಆದರೆ ತುಂಬಿದ ಬಸ್ಸು ಸ್ಟಾಪಲ್ಲಿ ನಿಲ್ಲದೆ ಹೋದರೆ ಕೈಯಲ್ಲಿರೋ ಆಧಾರ್ ಕಾರ್ಡು, ವಿದ್ಯಾರ್ಥಿ ಪಾಸು ಬೀಸಣಿಗೆ ಅಷ್ಟೆ.

ಬಸ್ ತಪ್ಪಿದರೆ ಮೊದಲ ಕ್ಲಾಸು ತಪ್ಪುತ್ತೆ. ವಾರಕ್ಕೆ ಎರಡು ಮೂರು ದಿನ ಹೀಗಾದ್ರೆ ಹಾಜರಿ 75ಕ್ಕಿಂತ ಕೆಳಗೆ. ಹಾಜರಿ ಕಡಿಮೆಯಾದ್ರೆ ಪರೀಕ್ಷೆಗೆ ಕೂರೋದು ಕಷ್ಟ, ಸ್ಕಾಲರ್‌ಶಿಪ್ಪಿಗೂ ಕಲ್ಲು. ಕಾರು ಇರೋ ಹುಡುಗ ಒಂಬತ್ತಕ್ಕೆ ಎದ್ದು ಹತ್ತಕ್ಕೆ ಹಾಜರ್. ಐದೂವರೆಗೆ ಎದ್ದ ಹುಡುಗಿ ಶಾರ್ಟೇಜ್ ಲಿಸ್ಟಲ್ಲಿ. ನನ್ನ ಹೆಸರೂ ಒಂದು ಸಲ ಆ ಲಿಸ್ಟಲ್ಲಿತ್ತು. ಕಾರಣ ಕೇಳಿದ್ರು, ಬಸ್ಸು ಸಾರ್ ಅಂದೆ. "ಬೇರೆಯವರೆಲ್ಲ ಬರಲ್ವಾ?" ಅಂದ್ರು. ಕಿಟಕಿಯಿಂದ ಆ 'ಬೇರೆಯವರ' ಗಾಡಿಗಳು ಕಾಣ್ತಿದ್ವು.

ಬಡವರ ಮಕ್ಕಳಿಗೆ ಈ ರಾಜ್ಯ ಕೊಟ್ಟ ಚಕ್ರ ಅಂದ್ರೆ ಒಂದೇ, 2006-07ರಲ್ಲಿ ಶುರುವಾದ ಎಂಟನೇ ಕ್ಲಾಸಿನ ಸೈಕಲ್ಲು. ಕೊರೊನಾ ಬಂದಾಗ ಅದೂ ನಿಲ್ತು. ಮದ್ರಾಸ್ ಐಐಟಿಯಲ್ಲಿ ವಿದ್ಯಾರ್ಥಿಗಳು ಮೋಟಾರ್ ಗಾಡಿ ತರೋ ಹಾಗೇ ಇಲ್ಲ, ಸೈಕಲ್ ತುಳೀತಾರೆ, ಕ್ಯಾಂಪಸ್ ಬಸ್ ಹತ್ತುತ್ತಾರೆ. ಅಲ್ಲಿ ವಿದ್ಯೆ ಏನೂ ಕಡಿಮೆ ಆಗಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಲ್ಲಿ 2022ರ ಅಕ್ಟೋಬರ್‌ನಲ್ಲಿ ವಿದ್ಯಾರ್ಥಿನಿಯೊಬ್ಬಳು ಬಿಎಂಟಿಸಿ ಬಸ್ಸಿನ ಚಕ್ರಕ್ಕೆ ಸಿಕ್ಕಿ ಕೆಲವು ದಿನಗಳ ನಂತರ ತೀರಿಕೊಂಡಳು. ಹೊರಗಿನ ವಾಹನ ಕ್ಯಾಂಪಸ್ ಒಳಗೆ ಬೇಡ ಅಂತ ವಿದ್ಯಾರ್ಥಿಗಳು ಆಗ ರಸ್ತೆಗಿಳಿದರು. ಓದೋ ಜಾಗದಲ್ಲಿ ನಡೆಯೋರಿಗೆ ಮೊದಲ ದಾರಿ ಅನ್ನೋದನ್ನ ಒಂದು ಜೀವ ಚಕ್ರಕ್ಕೆ ಸಿಕ್ಕ ಮೇಲೆ ಕೇಳಬೇಕಾಯ್ತು.

ಮತ್ತೆ ಆ ಹೆಸರಿನ ಬೋರ್ಡುಗಳು. ಕುಲಪತಿ, ಕುಲಸಚಿವ... ಹುದ್ದೆಯಲ್ಲೇ 'ಕುಲ' ಇಟ್ಕೊಂಡು ನನಗೆ ಜಾತಿ ತರಬೇಡ ಅಂತೀರಲ್ಲ! ತಮಾಷೆಗೆ ಅಂದೆ. ಬರ್ಕ್ಲಿಯಲ್ಲಿ ನೊಬೆಲ್ ಬಂದ ಪ್ರೊಫೆಸರ್‌ಗಳಿಗೆ ಪಾರ್ಕಿಂಗ್ ಮೀಸಲಂತೆ. ನೋಡಿ, ಮೀಸಲಾತಿ ಕಂಡ್ರೆ ಉರಿದುಬೀಳೋರಿಗೂ ಪಾರ್ಕಿಂಗ್ ಮೀಸಲಾತಿ ಮಾತ್ರ ಮೆರಿಟ್ಟು.

ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ತೆಗೆದು ನೋಡಿ. ಬಾವಿ, ಕೆರೆ, ಸ್ನಾನಘಟ್ಟದ ಜೊತೆಗೆ ರಸ್ತೆಯೂ ಇದೆ, ಸರ್ಕಾರದ ಹಣದಲ್ಲಿ ನಡೆಯೋ ಸಾರ್ವಜನಿಕ ಜಾಗಗಳೂ ಇವೆ. ಇವತ್ತು ಯಾರೂ ನಮ್ಮನ್ನ ಗೇಟಲ್ಲಿ ತಡೆಯಲ್ಲ, ನಿಜ. ಗೇಟಿನವರೆಗೆ ಬರೋದು ಹೇಗೆ ಅಂತ ಕೇಳ್ತಿದ್ದೀನಿ.

ಕಾರು ತರೋರು ತರಲಿ. ಆದರೆ ತಿಂಗಳಿಗಿಷ್ಟು ಅಂತ ಪಾರ್ಕಿಂಗ್ ಶುಲ್ಕ ಕಟ್ಟಲಿ, ಆ ದುಡ್ಡು ಕ್ಯಾಂಪಸ್ ಬಸ್ಸಿಗೆ ಹೋಗಲಿ. ವಿಕಲಚೇತನ ವಿದ್ಯಾರ್ಥಿಗಳ ಗಾಡಿಗೆ ಒಂದು ಪೈಸೆ ಬೇಡ, ಅದು ಕ್ಲಾಸಿನ ಬಾಗಿಲವರೆಗೂ ಬರಲಿ, ಅದು ಅವರ ಹಕ್ಕು. ಶೆಡ್ಡು ಮೊದಲು ಬಸ್ ಸ್ಟಾಪಿಗೆ, ಆಮೇಲೆ ಸೈಕಲ್ಲಿಗೆ, ಬೈಕಿಗೆ, ಕೊನೆಗೆ ಕಾರಿಗೆ. ಸಂಜೆ ಲ್ಯಾಬ್ ಮುಗಿಯೋ ಟೈಮಿಗೆ ಗುಬ್ಬಿ ಕಡೆಗೊಂದು, ಕುಣಿಗಲ್ ಕಡೆಗೊಂದು ಬಸ್ಸು ಕ್ಯಾಂಪಸ್ಸಿಂದಲೇ ಹೊರಡಬೇಕು.

ಗುಬ್ಬಿ, ಕುಣಿಗಲ್ ಕಡೆಯಿಂದ ಓಡಾಡೋ ಹುಡುಗ ಹುಡುಗಿಯರೇ, ಸೋಮವಾರದಿಂದ ಒಂದು ವಾರ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ: ಸ್ಟಾಪಿಗೆ ಬಂದ ಟೈಮು, ಬಸ್ ಬಂದ ಟೈಮು, ನಿಲ್ಲಿಸದೆ ಹೋದ ಬಸ್ಸಿನ ನಂಬರು, ತಪ್ಪಿದ ಕ್ಲಾಸು. ಫೋಟೋ ತೆಗೆದು ನನಗೆ ಕಳಿಸಿ. ಎಲ್ಲಾ ಸೇರಿಸಿ ಡಿಪೋಗೂ ವಿವಿಗೂ ಅರ್ಜಿ ಹಾಕೋಣ, ಜೊತೆಗೆ ಪಾರ್ಕಿಂಗಿಗೆ ಎಷ್ಟು ಜಾಗ ಬಿಟ್ಟಿದ್ದೀರಿ, ಎಷ್ಟು ಖರ್ಚು ಮಾಡಿದ್ದೀರಿ ಅಂತ ಒಂದು ಆರ್‌ಟಿಐ. ಹತ್ತು ರೂಪಾಯಿ ನನ್ನದು.

ಜೈಭೀಮ್.