ಹಿಮಕ್ಕೂ ಒಂದು ಹೊತ್ತು ಐತಿ

ರಾಯಚೂರಿನ ಬಿಸಿಲಲ್ಲಿ ಕೂತು ಹಿಮದ ಸುದ್ದಿ ಯಾಕೆ ಅಂತೀರಾ? ಕಾರಣ ಐತಿ. 2025ರಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಹಿಮ ಸಾಲದೆ ಫೆಬ್ರವರಿಯಿಂದ ಮಾರ್ಚ್‌ಗೆ ಹೋಯಿತು. ಅಲ್ಲಿ ಸ್ಕೀಯಿಂಗ್‌ನಲ್ಲಿ ಚಿನ್ನ ಗೆದ್ದವರಲ್ಲಿ ನಮ್ಮ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಒಬ್ಬರು.

ಬೇಸಿಗೆ ಹತ್ತಿರವಾದಾಗ ಹಿಮದ ಗುಣವೇ ಬೇರೆ. ರಾತ್ರಿ ಗಟ್ಟಿಯಾಗಿ ಹೆಪ್ಪುಗಟ್ಟಿದ್ದು ಬೆಳಗಿನ ಬಿಸಿಲಿಗೆ ಮೇಲಷ್ಟೇ ಮೆತ್ತಗಾಗುತ್ತದೆ. ಆ ಒಂದೆರಡು ತಾಸು ಸ್ಕೀ, ಸ್ನೋಬೋರ್ಡ್ ಎರಡಕ್ಕೂ ಒಳ್ಳೆ ಹದ. ಮಧ್ಯಾಹ್ನವಾದರೆ ಹಿಮದಲ್ಲಿ ನೀರು ಹೆಚ್ಚಾಗಿ ಹಲಗೆಯನ್ನು ಹಿಡಿದು ಜಗ್ಗುತ್ತದೆ. ಬಿದ್ದರೆ ಮೊಣಕಾಲಿಗೆ ಪೆಟ್ಟು, ಕಡಿದಾದ ಇಳಿಜಾರಲ್ಲಿ ಹಿಮವೇ ಕುಸಿಯುವ ಅಪಾಯ. ಬಲ್ಲವರು ಅಷ್ಟೊತ್ತಿಗೆ ಹಲಗೆ ಬಿಚ್ಚಿಟ್ಟಿರುತ್ತಾರೆ.

ನಾವು? ಅದೇ ಮಾರ್ಚ್‌ನಲ್ಲಿ, ನಡುಮಧ್ಯಾಹ್ನ 12ಕ್ಕೆ, 1500 ಮೀಟರ್ ಓಟ ಇಡ್ತೀವಿ! ದೇವದುರ್ಗ, ಮಾನ್ವಿ ಕಡೆ ಮೆಣಸಿನಕಾಯಿ ಬಿಡಿಸೋರು ನಸುಕಿನಲ್ಲೇ ಹೊಲಕ್ಕೆ ಹೋಗ್ತಾರೆ. ಮನೆಯಲ್ಲಿ ಗೊತ್ತಿರೋದು ಮೈದಾನಕ್ಕೆ ಬಂದಾಗ ಯಾಕೆ ಮರೀತೀವಿ?

ಓಟಗಳನ್ನು ಬೆಳಗ್ಗೆ 6ರಿಂದ 9ರೊಳಗೆ ಮುಗಿಸೋಣ. "ಬಸ್ಸಿನಲ್ಲಿ ಬರೋರು ಏನ್ ಮಾಡ್ಬೇಕು?" ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಹಿಂದಿನ ರಾತ್ರಿ ಅವರಿಗೆ ಹಾಸ್ಟೆಲ್‌ನಲ್ಲಿ ಊಟ, ಚಾಪೆ ಕೊಡೋಣ. ನಮ್ಮ ರೂಮಿನಲ್ಲಿ ಇಬ್ಬರಿಗೆ ಜಾಗ ಐತಿ. ನಿಮ್ಮಲ್ಲಿ?